ಎಂಟರಲ್ಲಿ ಐದು ಸರಿ, ನಿಯಮ ಮಾತ್ರ ತಪ್ಪು

ಆರನೇ ತರಗತಿಯ ಹುಡುಗಿಯೊಬ್ಬಳ ಭಿನ್ನರಾಶಿ ಸಂಕಲನದ ಉತ್ತರ ಹಾಳೆಯನ್ನು ಮುಂದಿಟ್ಟುಕೊಂಡು ಈ ಪ್ರಕರಣವನ್ನು ಬಿಡಿಸಿದ್ದೇವೆ. ಹಾಳೆಯನ್ನು ವಿವರಣೆಗೆಂದೇ ಜೋಡಿಸಿದೆ. ಅದರೊಳಗಿನ ತಪ್ಪು ಹಾಗಲ್ಲ. ಅಡ್ಡ ಗುಣಾಕಾರವನ್ನು, ಅಂದರೆ ಒಂದು ರಾಶಿಯ ಅಂಶವನ್ನು (ಮೇಲಿನ ಸಂಖ್ಯೆ) ಇನ್ನೊಂದರ ಛೇದದಿಂದ (ಕೆಳಗಿನ ಸಂಖ್ಯೆ) ಗುಣಿಸುವುದನ್ನು, ಅರ್ಥ ತಿಳಿಯದೆ ಬಾಣದ ಗುರುತಿನಿಂದಷ್ಟೇ ಕಲಿತ ಕಡೆ ಅದು ಹುಟ್ಟಬಹುದು, ಹುಟ್ಟಿದರೂ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಅದು ಹೇಗೆ ಉಳಿಯುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಹಾಳೆಯಲ್ಲಿ ಎಂಟು ಲೆಕ್ಕಗಳಿವೆ. ಆಕೆ ಬರೆದ ಹಂತಗಳನ್ನು ಹಾಗೆಯೇ ಕೊಟ್ಟಿದ್ದೇವೆ:

1. 2/7 + 3/7 = 5/7
2. 1/2 + 1/3 = (2 + 3)/6 = 5/6
3. 1/3 + 1/5 = (3 + 5)/15 = 8/15
4. 1/4 + 1/6 = (4 + 6)/24 = 10/24 = 5/12
5. 2/3 + 2/5 = (6 + 10)/15 = 16/15
6. 2/3 + 1/4 = (6 + 4)/12 = 10/12 = 5/6
7. 3/4 + 1/6 = (12 + 6)/24 = 18/24 = 3/4
8. 1/8 + 5/6 = (8 + 30)/48 = 38/48 = 19/24

ಮೊದಲ ಐದೂ ಸರಿ. ಕೊನೆಯ ಮೂರು ತಪ್ಪು. ಅವುಗಳ ಸರಿ ಉತ್ತರ ಕ್ರಮವಾಗಿ 11/12, 11/12, 23/24. ಇಂಥ ಹಾಳೆಗೆ ಸಾಮಾನ್ಯವಾಗಿ ಸಿಗುವ ಷರಾ "ಇನ್ನೂ ಅಭ್ಯಾಸ ಬೇಕು" ಅಥವಾ "ಎಚ್ಚರದಿಂದ ಮಾಡು". ಎರಡೂ ಇಲ್ಲಿ ಹಾನಿ ಮಾಡುತ್ತವೆ. ಆಕೆ ಎಚ್ಚರದಿಂದಲೇ ಮಾಡಿದ್ದಾಳೆ, ಎಂಟೂ ಲೆಕ್ಕಗಳಿಗೆ ಹೊಂದುವ ಒಂದೇ ನಿಯಮವನ್ನು ಎಲ್ಲೂ ತಪ್ಪದೆ ಪಾಲಿಸಿದ್ದಾಳೆ. ಆ ನಿಯಮವೇ ತಪ್ಪು. ಅಭ್ಯಾಸ ಹೆಚ್ಚಿದಷ್ಟೂ ಅದು ಗಟ್ಟಿಯಾಗುತ್ತದೆ.

ಮೊದಲು ಅನುಮಾನ ಬರುವ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕೋಣ. ಮಗ್ಗಿ ಬಾರದೆ ತಪ್ಪಾಯಿತೇ? ಇಲ್ಲ, 6, 12, 24, 30, 48 ಎಲ್ಲ ಗುಣಲಬ್ಧಗಳೂ ಸರಿಯಾಗಿವೆ. ಸಂಕ್ಷೇಪಿಸುವಾಗ ಎಡವಿದಳೇ? 10/24, 18/24, 38/48 ಮೂರನ್ನೂ ಸರಿಯಾಗಿಯೇ ಇಳಿಸಿದ್ದಾಳೆ. ಎಲ್ಲರಿಗೂ ಪರಿಚಿತವಾದ ತಪ್ಪು, ಅಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವುದು, ಇಲ್ಲಿ ನಡೆದಿದ್ದರೆ ಎರಡನೇ ಲೆಕ್ಕದ ಉತ್ತರ 2/5 ಆಗಬೇಕಿತ್ತು. ಇನ್ನೊಂದು ಪರಿಚಿತ ತಪ್ಪು ಛೇದವನ್ನು ಮಾತ್ರ ಸಮ ಮಾಡಿ ಅಂಶವನ್ನು ಹಾಗೆಯೇ ಬಿಡುವುದು. ಆಗ 2/6 ಬರುತ್ತಿತ್ತು. ಎರಡೂ ಬಂದಿಲ್ಲ. ಅಂಶ ಬದಲಾಗಬೇಕು ಎಂಬುದು ಆಕೆಗೆ ಗೊತ್ತು. ಯಾವುದರಿಂದ ಗುಣಿಸಬೇಕು ಎಂಬಲ್ಲಿ ದಾರಿ ತಪ್ಪಿದೆ.

ಸುಳಿವು ಇರುವುದು ತಪ್ಪಾದ ಲೆಕ್ಕಗಳಲ್ಲಲ್ಲ, ಸರಿಯಾದವುಗಳಲ್ಲಿ. ಎರಡನೇ ಲೆಕ್ಕದ ಆವರಣವನ್ನು ಮತ್ತೊಮ್ಮೆ ನೋಡಿ: (2 + 3)/6. 1/2 ಅನ್ನು ಆರರ ಛೇದಕ್ಕೆ ತಂದರೆ 3/6 ಆಗುತ್ತದೆ, 1/3 ಅನ್ನು ತಂದರೆ 2/6. ಹಾಗಿದ್ದ ಮೇಲೆ ಲೆಕ್ಕದ ಕ್ರಮದಲ್ಲಿ 3 + 2 ಬರಬೇಕು. ಆಕೆ ಬರೆದದ್ದು 2 + 3. ಐದನೆಯದರಲ್ಲಿ 10 + 6 ಬರಬೇಕಾದಲ್ಲಿ 6 + 10 ಇದೆ. ಮೊತ್ತ ಒಂದೇ ಆದ್ದರಿಂದ ತಿದ್ದುವವರ ಕಣ್ಣು ಉತ್ತರಕ್ಕೆ ಹಾರುತ್ತದೆ, ಕ್ರಮದ ಮೇಲೆ ನಿಲ್ಲುವುದೇ ಇಲ್ಲ. ಆದರೆ ಆ ಕ್ರಮ ಸ್ಪಷ್ಟವಾಗಿ ಹೇಳುತ್ತಿದೆ: ಆಕೆ ಪ್ರತಿ ಅಂಶವನ್ನು ಅದರದೇ ಛೇದದಿಂದ ಗುಣಿಸುತ್ತಿದ್ದಾಳೆ. 2/3ರಲ್ಲಿ 2 × 3 = 6, 1/4ರಲ್ಲಿ 1 × 4 = 4, ಕೆಳಗೆ 3 × 4 = 12. ಆರನೆಯ ಲೆಕ್ಕ ಅಲ್ಲಿಗೆ ಪೂರ್ತಿ ವಿವರವಾಯಿತು. ಏಳು, ಎಂಟೂ ಹಾಗೆಯೇ.

ಅಂದ ಮೇಲೆ ತಪ್ಪು ನಿಯಮ ಐದು ಸಲ ಸರಿ ಉತ್ತರ ಕೊಟ್ಟದ್ದು ಹೇಗೆ?

ಆರನೆಯದನ್ನೇ ತೆಗೆದುಕೊಳ್ಳಿ. ಆಕೆಯ 6/12 ಎಂದರೆ 2/4. ಆಕೆಯ 4/12 ಎಂದರೆ 1/3. ಕೊಟ್ಟ ಲೆಕ್ಕ 2/3 + 1/4. ಆಕೆ ಕೂಡಿದ್ದು 2/4 + 1/3. ತನಗೇ ತಿಳಿಯದಂತೆ ಎರಡು ಭಿನ್ನರಾಶಿಗಳ ಛೇದಗಳನ್ನು ಅದಲುಬದಲು ಮಾಡಿದ್ದಾಳೆ! ಇದನ್ನು ಕಂಡ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಂಶಗಳು ಒಂದೇ ಆಗಿದ್ದರೆ ಛೇದಗಳನ್ನು ಅದಲುಬದಲು ಮಾಡಿದರೂ ಮೊತ್ತ ಬದಲಾಗದು: 1/2 + 1/3 ಮತ್ತು 1/3 + 1/2 ಒಂದೇ ತಾನೆ? ಛೇದಗಳು ಒಂದೇ ಆಗಿದ್ದರೂ ಅಷ್ಟೇ, ಅದಲುಬದಲಿಗೆ ಅರ್ಥವೇ ಇಲ್ಲ. ಮೊದಲ ಲೆಕ್ಕವನ್ನು ಆಕೆ ತನ್ನ ನಿಯಮದಲ್ಲಿ ಮಾಡಿದ್ದರೂ (14 + 21)/49 = 35/49 = 5/7 ಎಂದೇ ಬರುತ್ತಿತ್ತು.

ಅಕ್ಷರಗಳಲ್ಲಿ ಬರೆದರೆ ಇನ್ನೂ ಖಚಿತ. a/b + c/d ಎಂಬ ಲೆಕ್ಕದಲ್ಲಿ ಸರಿಯಾದ ಮೇಲ್ಭಾಗ ad + cb. ಆಕೆಯದು ab + cd. ಎರಡರ ವ್ಯತ್ಯಾಸ (a − c)(b − d). ಈ ಗುಣಲಬ್ಧ ಸೊನ್ನೆಯಾಗಲು ಅಂಶಗಳು ಸಮ ಇರಬೇಕು, ಇಲ್ಲವೇ ಛೇದಗಳು ಸಮ ಇರಬೇಕು. ಎರಡೂ ಬೇರೆಯಾದಾಗ ಮಾತ್ರ ತಪ್ಪು ಹೊರಬರುತ್ತದೆ. ಆರನೆಯದರಲ್ಲಿ (2 − 1)(3 − 4) = −1, ಅಂದರೆ ಸರಿ ಉತ್ತರಕ್ಕಿಂತ 1/12 ಕಡಿಮೆ. ಎಂಟನೆಯದರಲ್ಲಿ (1 − 5)(8 − 6) = −8, ಅಂದರೆ 8/48 ಕಡಿಮೆ. ಹಾಳೆಯಲ್ಲಿ ಇರುವುದೂ ಅಷ್ಟೇ ಕೊರತೆ.

ಅಭ್ಯಾಸ ಮಾಲೆಗಳನ್ನು ಕಟ್ಟುವ ರೀತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸುಲಭ ಎಂಬ ಕಾರಣಕ್ಕೆ ಮೊದಲು ಸಮಛೇದದ ಲೆಕ್ಕ, ಆಮೇಲೆ ಅಂಶ 1 ಇರುವ ಲೆಕ್ಕ ಎಂದು ಜೋಡಿಸುತ್ತಾರೆ. ಈ ತಪ್ಪು ಅಡಗಿ ಕೂರುವುದು ಕರಾರುವಾಕ್ಕಾಗಿ ಆ ಎರಡು ಜಾಗಗಳಲ್ಲೇ. ಕಪ್ಪುಹಲಗೆಯ ಮೇಲೆ 1/2 + 1/3 ಅನ್ನು ಮೊದಲ ಉದಾಹರಣೆಯಾಗಿ ಬಿಡಿಸುವುದು ಇನ್ನೂ ಅಪಾಯಕಾರಿ. ಮೇಲೆ ಕಾಣುವ 3 ಯಾವ 3 ಎಂದು ಮಗು ಹೇಗೆ ತಿಳಿಯಬೇಕು? 1ನ್ನು ಯಾವುದರಿಂದ ಗುಣಿಸಿದರೂ ಆ ಸಂಖ್ಯೆಯೇ ಬರುವುದರಿಂದ ಗುಣಾಕಾರದ ಜಾಡೇ ಅಳಿಸಿಹೋಗಿರುತ್ತದೆ. ಮೊದಲ ಉದಾಹರಣೆ 2/3 + 1/4ರಂತೆ ಅಂಶ, ಛೇದ ಎರಡೂ ಬೇರೆಯಾಗಿರುವುದೇ ಇರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊಂಚ ಕಷ್ಟವಾದರೂ ಅದರಲ್ಲಿ ಏನೂ ಮುಚ್ಚಿಹೋಗುವುದಿಲ್ಲ.

ಊಹೆಯನ್ನು ದೃಢಪಡಿಸುವುದು

ಒಂದು ಹಾಳೆಯಿಂದ ತೀರ್ಮಾನಕ್ಕೆ ಬರಬಾರದು. ಆಕೆಯ ನಿಯಮ ನಿಜವಾಗಿ ಇದೇ ಆಗಿದ್ದರೆ ಮುಂದಿನ ಲೆಕ್ಕಗಳಲ್ಲಿ ಯಾವ ತಪ್ಪು ಉತ್ತರ ಬರಬೇಕು ಎಂದು ಮೊದಲೇ ಬರೆದಿಟ್ಟು, ಆಮೇಲೆ ಲೆಕ್ಕ ಕೊಡಬೇಕು. ನಾಲ್ಕು ಲೆಕ್ಕ ಸಾಕು.

4/5 + 1/2: ಆಕೆಯ ನಿಯಮದಲ್ಲಿ (20 + 2)/10 = 22/10. ಸರಿ ಉತ್ತರ 13/10. ಒಂದಕ್ಕಿಂತ ಚಿಕ್ಕದಾದ ಎರಡು ರಾಶಿಗಳನ್ನು ಕೂಡಿ ಎರಡಕ್ಕಿಂತ ಹೆಚ್ಚು ಬರುವ ಈ ಉತ್ತರ ಮುಂದೆ ಮಾತುಕತೆಗೂ ಒದಗುತ್ತದೆ.

1/2 + 1/3 + 1/4: ಆಕೆಯ ನಿಯಮದಲ್ಲಿ (2 + 3 + 4)/24 = 9/24. ಸರಿ ಉತ್ತರ 26/24, ಅಂದರೆ 13/12. ಎರಡು ರಾಶಿಗಳಿದ್ದಾಗ ಕಾಪಾಡುತ್ತಿದ್ದ ಅಂಶ 1 ಮೂರನೆಯದು ಬಂದೊಡನೆ ಕೈಬಿಡುತ್ತದೆ.

1/2 − 1/3: ಇದು ಬಹಳ ಸೂಕ್ಷ್ಮವಾದ ಪರೀಕ್ಷೆ. ಆಕೆಯ ನಿಯಮದಲ್ಲಿ ಮೇಲೆ 2 − 3 ಬರುತ್ತದೆ. "ಎರಡರಲ್ಲಿ ಮೂರು ಹೋಗಲ್ಲ" ಎಂದು ತಿರುಗಿಸಿ 3 − 2 = 1 ಮಾಡಿದರೆ 1/6 ಎಂಬ ಸರಿ ಉತ್ತರವೇ ಸಿಗುತ್ತದೆ. ಆದ್ದರಿಂದ ಉತ್ತರ ನೋಡಿದರೆ ಸಾಲದು. ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತು ಪೆನ್ಸಿಲ್ಲು ಎಲ್ಲಿ ತಡೆಯುತ್ತದೆ, ಏನನ್ನು ಅಳಿಸುತ್ತದೆ ಎಂದು ನೋಡಬೇಕು.

ನಾಲ್ಕನೆಯದು ಸಂಕಲನವೇ ಅಲ್ಲ: 2/3 = ?/12. ಸಮಾನ ಭಿನ್ನರಾಶಿ ಆಕೆಗೆ ಬರುತ್ತದೆಯೇ ಇಲ್ಲವೇ ಎಂಬುದು ಇದರಿಂದ ತಿಳಿಯುತ್ತದೆ. ಇದಕ್ಕೆ 8 ಎಂದು ಸರಿಯಾಗಿ ಬರೆದು, ಅದೇ ಹಾಳೆಯಲ್ಲಿ ಕೂಡುವಾಗ 2/3 ಅನ್ನು 6/12 ಮಾಡಿದರೆ ಚಿಕಿತ್ಸೆಯ ದಾರಿಯೇ ಬೇರೆ. ಸಮಾನ ಭಿನ್ನರಾಶಿ ಒಂದು ಪಾಠ, ಸಂಕಲನ ಇನ್ನೊಂದು ಪಾಠ ಎಂದು ತಲೆಯಲ್ಲಿ ಎರಡು ಗೂಡುಗಳಾಗಿ ಕೂತಿವೆ, ನಡುವೆ ಬಾಗಿಲಿಲ್ಲ ಎಂದರ್ಥ. ಸಂಕ್ಷೇಪಿಸುವುದು ಬಲ್ಲ ಈ ಹುಡುಗಿಯ ವಿಷಯದಲ್ಲಿ ನಾವು ಹಿಡಿದಿರುವುದು ಈ ದಾರಿ. ನಾಲ್ಕನೆಯದೂ ತಪ್ಪಾದರೆ ಸಂಕಲನವನ್ನು ಬದಿಗಿಟ್ಟು ಸಮಾನ ಭಿನ್ನರಾಶಿಗೆ ಹಿಂದಿರುಗಬೇಕು.

ಸರಿಪಡಿಸುವ ಕೆಲಸ

"ನೀನು ತನ್ನದೇ ಛೇದದಿಂದ ಗುಣಿಸುತ್ತಿದ್ದೀಯ, ಇನ್ನೊಂದರ ಛೇದದಿಂದ ಗುಣಿಸು" ಎಂದು ಹೇಳಿಬಿಟ್ಟರೆ ನಾಳೆಯೇ ಎಂಟಕ್ಕೆ ಎಂಟು ಸರಿ ಬರಬಹುದು. ಹಾಗೆ ಹೇಳಬಾರದು. ಬಾಣದ ದಿಕ್ಕು ಬದಲಾಯಿತೇ ಹೊರತು ತಿಳಿವಳಿಕೆ ಬದಲಾಗಲಿಲ್ಲ, ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಬಂದೊಡನೆ ಮತ್ತೆ ಕುಸಿಯುತ್ತದೆ.

ಮೊದಲ ಕೆಲಸ ಓದುವ ರೀತಿಯನ್ನು ಬದಲಿಸುವುದು. "ಎರಡು ಬೈ ಮೂರು" ಎಂದು ಓದಿದಾಗ ಕಿವಿಗೆ ಬೀಳುವುದು ಎರಡು ಬಿಡಿ ಸಂಖ್ಯೆಗಳು, ಗುಣಿಸಲೋ ಕೂಡಲೋ ಕಾದು ನಿಂತವು. ಕನ್ನಡದಲ್ಲಿ "ಮೂರನೇ ಎರಡು ಭಾಗ" ಎನ್ನುತ್ತೇವೆ. ಭಾಗದ ಹೆಸರು ಮೊದಲು, ಎಣಿಕೆ ಆಮೇಲೆ. ಛೇದ ಹೆಸರು, ಅಂಶ ಎಣಿಕೆ ಎಂಬ ಇಡೀ ಪಾಠ ಆ ಮಾತಿನಲ್ಲೇ ಇದೆ. ಮೂರನೇ ಎರಡು ಭಾಗ, ನಾಲ್ಕನೇ ಒಂದು ಭಾಗ ಎಂದು ಓದಿದ ಮಗುವಿಗೆ ಹೆಸರು ಬೇರೆ ಇರುವ ಭಾಗಗಳನ್ನು ಒಟ್ಟಿಗೆ ಎಣಿಸಲಾಗದು ಎಂಬುದು ಬೇಗ ಹೊಳೆಯುತ್ತದೆ. ಎಣಿಸಬೇಕಾದರೆ ಎರಡಕ್ಕೂ ಒಂದೇ ಹೆಸರು ಬೇಕು: ಹನ್ನೆರಡನೇ ಎಂಟು, ಹನ್ನೆರಡನೇ ಮೂರು, ಒಟ್ಟು ಹನ್ನೆರಡನೇ ಹನ್ನೊಂದು.

ಎರಡನೆಯದು ಕಾಗದದ ಪಟ್ಟಿ. ಚೌಕುಳಿ ಪುಸ್ತಕದ ಹಾಳೆಯಿಂದ 24 ಚೌಕ ಉದ್ದ, 1 ಚೌಕ ಅಗಲದ ಪಟ್ಟಿಗಳನ್ನು ಕತ್ತರಿಸಿ. ಒಂದು ಪಟ್ಟಿ ಎಂದರೆ 1. 24 ಏಕೆಂದರೆ ಈ ಹಾಳೆಯ ಮೂರೂ ತಪ್ಪು ಲೆಕ್ಕಗಳು ಅದರಲ್ಲಿ ಹಿಡಿಯುತ್ತವೆ: ಅರ್ಧ 12 ಚೌಕ, ಮೂರನೇ ಒಂದು 8, ನಾಲ್ಕನೇ ಒಂದು 6, ಆರನೇ ಒಂದು 4, ಎಂಟನೇ ಒಂದು 3. ಆರನೇ ಲೆಕ್ಕಕ್ಕೆ 16 ಚೌಕಕ್ಕೆ ಒಂದು ಬಣ್ಣ, ಮುಂದಿನ 6ಕ್ಕೆ ಇನ್ನೊಂದು ಬಣ್ಣ ಹಚ್ಚಿದರೆ 22 ಚೌಕ, ಅಂದರೆ 22/24 = 11/12. ಆಕೆಯ 10/12 ಎಂದರೆ 20 ಚೌಕ. ಎರಡು ಚೌಕ ಕಡಿಮೆ ಬಿದ್ದದ್ದು ಕಣ್ಣೆದುರೇ ಇದೆ. ಎಂಟನೆಯದರಲ್ಲಿ 3 ಮತ್ತು 20 ಸೇರಿ 23 ಚೌಕ. ಆಕೆಯ ಉತ್ತರ 19.

ಪಟ್ಟಿಯಲ್ಲೂ ಒಂದು ಕಡೆ ಎಡವುತ್ತಾರೆ, ಅದನ್ನು ಮೊದಲೇ ತಡೆಯಬೇಕು. ಮಕ್ಕಳು ತಾವೇ ಚಿತ್ರ ಬರೆಯುವಾಗ 2/3ಕ್ಕೆ ಮೂರು ಚೌಕದ ಪಟ್ಟಿ, 1/4ಕ್ಕೆ ನಾಲ್ಕು ಚೌಕದ ಪಟ್ಟಿ ಎಳೆಯುತ್ತಾರೆ. ಒಟ್ಟು ಏಳು ಚೌಕ, ಬಣ್ಣ ಹಚ್ಚಿದ್ದು ಮೂರು, ಉತ್ತರ 3/7! ಎರಡು ಪಟ್ಟಿಗಳ ಉದ್ದ ಬೇರೆಯಾದರೆ ಅವುಗಳ "ಒಂದು" ಎಂಬುದೇ ಬೇರೆ. ಅದಕ್ಕೇ ಉದ್ದವನ್ನು ಮೊದಲು ಗೊತ್ತುಮಾಡಿ, ಭಾಗವನ್ನು ಆಮೇಲೆ ಮಾಡಿಸಬೇಕು. ಐದನೇ ಭಾಗಗಳು ಬಂದಾಗ 24ರ ಪಟ್ಟಿ ಒಗ್ಗುವುದಿಲ್ಲ. 4/5 + 1/2ಕ್ಕೆ 10 ಚೌಕದ್ದು, 2/3 + 2/5ಕ್ಕೆ 15 ಚೌಕದ್ದು ಬೇಕು. ಎಷ್ಟು ಚೌಕದ ಪಟ್ಟಿ ಬೇಕೆಂದು ಆಕೆಯೇ ಹೇಳಲಿ. ಆ ಪ್ರಶ್ನೆಗೆ ಸಿಗುವ ಉತ್ತರವೇ ಸಾಮಾನ್ಯ ಛೇದ.

ಮೂರನೆಯದು ಬರವಣಿಗೆ. ಎರಡು ರಾಶಿಗಳನ್ನು ಒಂದೇ ಉದ್ದ ಗೆರೆಯ ಮೇಲೆ (… + …)/12 ಎಂದು ಬರೆಯುವುದನ್ನು ಪೂರ್ತಿ ನಿಲ್ಲಿಸಿ. ಪ್ರತಿ ರಾಶಿಗೂ ಅದರದೇ ಸಾಲು:

2/3 = (2 × 4)/(3 × 4) = 8/12
1/4 = (1 × 3)/(4 × 3) = 3/12
8/12 + 3/12 = 11/12

ಹೀಗೆ ಬರೆದಾಗ ಅಂಶವನ್ನು ಗುಣಿಸಿದ ಸಂಖ್ಯೆಯೇ ಛೇದವನ್ನೂ ಗುಣಿಸಿರಬೇಕು ಎಂಬುದು ಒಂದೇ ಸಾಲಿನಲ್ಲಿ ಎದುರುಬದುರು ಕಾಣುತ್ತದೆ. ಹಳೆಯ ನಿಯಮವನ್ನು ಇಲ್ಲಿ ತುರುಕಲು ಹೋದರೆ (2 × 3)/(3 × 3) = 6/9 ಎಂದಾಗುತ್ತದೆ. 12 ಬರುವುದೇ ಇಲ್ಲ. ತಪ್ಪು ಮುಂದೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಉದ್ದ ಗೆರೆಯ ಬರವಣಿಗೆ ಸಮಯ ಉಳಿಸುತ್ತದೆ ನಿಜ, ಆದರೆ ಈ ತಪಾಸಣೆಯನ್ನು ಕಿತ್ತುಕೊಳ್ಳುತ್ತದೆ. ಅಡ್ಡ ಗುಣಾಕಾರಕ್ಕೆ ಅದು ಯಾಕೆ ನಡೆಯುತ್ತದೆ ಎಂದು ಮಗುವೇ ವಿವರಿಸುವವರೆಗೆ ಕಾಯಬಹುದು.

ಲ.ಸಾ.ಅ. ತಂದಾಗ ಅಂಕ ಇಳಿದರೆ

ಹಳೆಯ ನಿಯಮ ಬೇರು ಬಿಟ್ಟಿರುವಾಗಲೇ ಲ.ಸಾ.ಅ. ಕಲಿಸಿದರೆ ವಿಚಿತ್ರವೊಂದು ನಡೆಯುತ್ತದೆ. ನಾಲ್ಕನೇ ಲೆಕ್ಕದಲ್ಲಿ 24ರ ಬದಲು 12 ಬಂತು. ಆಕೆ ಮೇಲೆ 4 + 6 ಎಂದೇ ಬರೆದು 10/12 ಎನ್ನುತ್ತಾಳೆ. ನಿನ್ನೆ ಸರಿ ಇದ್ದ ಲೆಕ್ಕ ಇಂದು ತಪ್ಪು. ಎಂಟನೆಯದರಲ್ಲಿ 38/24 ಬರುತ್ತದೆ. "ಲ.ಸಾ.ಅ. ಹೇಳಿಕೊಟ್ಟು ಮಗುವಿಗೆ ಗೊಂದಲ ಮಾಡಿದೆ" ಎಂದು ಹಿಂದೆ ಸರಿಯುವ ಆಸೆ ಆಗುವುದು ಇಲ್ಲೇ. ಸರಿಯಬಾರದು. ಗೊಂದಲ ಮೊದಲೇ ಇತ್ತು, ಛೇದಗಳ ಗುಣಲಬ್ಧ ಅದನ್ನು ಮುಚ್ಚಿತ್ತು, ಲ.ಸಾ.ಅ. ತೆರೆದು ತೋರಿಸಿತು.

ಇಲ್ಲಿ ಕೇಳಿಸಬೇಕಾದ ಪ್ರಶ್ನೆ ಒಂದೇ: "ಈ ಛೇದ ಎಷ್ಟು ಪಟ್ಟಾದರೆ 24?" 8ಕ್ಕೆ 24 ÷ 8 = 3, 6ಕ್ಕೆ 24 ÷ 6 = 4. ಆಗ 1/8 = 3/24, 5/6 = 20/24, ಒಟ್ಟು 23/24.

9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಈ ಕನಿಷ್ಠ ಸಾಮಾನ್ಯ ಛೇದವನ್ನು "ನಿರುದ್ಧ" ಎಂದು ಕರೆದು ಕಂಡುಹಿಡಿಯುವ ದಾರಿ ಕೊಟ್ಟಿದ್ದಾನೆ: ಛೇದಗಳ ಸಾಮಾನ್ಯ ಅಪವರ್ತನವನ್ನೂ ಅದರಿಂದ ಭಾಗಿಸಿ ಬಂದ ಭಾಗಲಬ್ಧಗಳನ್ನೂ ಗುಣಿಸು. 8 ಮತ್ತು 6ಕ್ಕೆ ಸಾಮಾನ್ಯ ಅಪವರ್ತನ 2, ಭಾಗಲಬ್ಧಗಳು 4 ಮತ್ತು 3; 2 × 4 × 3 = 24. ಈ ಪ್ರಕರಣಕ್ಕೆ ಈ ದಾರಿ ಹೇಳಿ ಮಾಡಿಸಿದಂತಿದೆ. 8ನ್ನು 24ಕ್ಕೆ ಒಯ್ಯುವುದು 6ರ ಭಾಗಲಬ್ಧವಾದ 3. 6ನ್ನು ಒಯ್ಯುವುದು 8ರ ಭಾಗಲಬ್ಧವಾದ 4. ಗುಣಿಸುವ ಸಂಖ್ಯೆ ಇನ್ನೊಂದು ಕಡೆಯಿಂದಲೇ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ: ಒಂದರಲ್ಲಿ ಇಲ್ಲದ್ದನ್ನು ಮತ್ತೊಂದು ತುಂಬಿಕೊಡುತ್ತಿದೆ. 12 ಮತ್ತು 18ರಲ್ಲೂ ಮಾಡಿಸಿ ನೋಡಿ: ಸಾಮಾನ್ಯ ಅಪವರ್ತನ 6, ಭಾಗಲಬ್ಧ 2 ಮತ್ತು 3, ನಿರುದ್ಧ 36. 7/12 + 5/18 = 21/36 + 10/36 = 31/36. ಛೇದಗಳನ್ನು ನೇರ ಗುಣಿಸಿದ್ದರೆ 186/216 ಬಂದು, ಆರರಿಂದ ಭಾಗಿಸುವ ಕೆಲಸ ಉಳಿಯುತ್ತಿತ್ತು. ಸಾಮಾನ್ಯ ಅಪವರ್ತನವಾಗಿ ದೊಡ್ಡದನ್ನೇ, ಅಂದರೆ ಮ.ಸಾ.ಅ.ವನ್ನೇ, ತೆಗೆದುಕೊಳ್ಳಬೇಕು. 6ರ ಬದಲು 2 ತೆಗೆದುಕೊಂಡರೆ 2 × 6 × 9 = 108 ಬರುತ್ತದೆ; ಆಗ 6 ಮತ್ತು 9ರಲ್ಲಿ ಉಳಿದ 3ನ್ನೂ ಹೊರತೆಗೆಯಬೇಕು.

ಲ.ಸಾ.ಅ. ಬಳಸಿದರೆ ಕೊನೆಯಲ್ಲಿ ಸಂಕ್ಷೇಪಿಸುವ ಅಗತ್ಯವಿಲ್ಲ ಎಂಬ ನಂಬಿಕೆಯೂ ಓಡಾಡುತ್ತದೆ. ತಪ್ಪು. 1/6 + 3/10 = 5/30 + 9/30 = 14/30 = 7/15.

ಲೆಕ್ಕಕ್ಕೆ ಮುಂಚೆ ಅಂದಾಜು

ಏಳನೇ ಲೆಕ್ಕದಲ್ಲಿ ಆಕೆ 3/4ಕ್ಕೆ 1/6 ಕೂಡಿ 3/4 ಪಡೆದಿದ್ದಾಳೆ. ಎಂಟನೆಯದರಲ್ಲಿ 5/6ಕ್ಕೆ, ಅಂದರೆ 20/24ಕ್ಕೆ, ಏನನ್ನೋ ಕೂಡಿ 19/24 ಪಡೆದಿದ್ದಾಳೆ. ಕೂಡಿದ ಮೇಲೆ ಕಡಿಮೆಯಾಗಿದೆ! ಇದು ಕಣ್ಣಿಗೆ ಬೀಳದ್ದಕ್ಕೆ ಆಕೆಯನ್ನು ದೂರುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 1978ರಲ್ಲಿ 13 ವರ್ಷದ ಮಕ್ಕಳಿಗೆ 12/13 + 7/8 ಸುಮಾರು ಎಷ್ಟು ಎಂದು ಕೇಳಿ 1, 2, 19, 21 ಎಂಬ ಆಯ್ಕೆ ಕೊಟ್ಟಿದ್ದರು. ಎರಡೂ ಒಂದಕ್ಕೆ ಹತ್ತಿರ, ಆದ್ದರಿಂದ ಉತ್ತರ 2. ಅದನ್ನು ಆರಿಸಿದವರು ಶೇ. 24 ಮಾತ್ರ. ಅಂಶಗಳ ಮೊತ್ತವಾದ 19ನ್ನು ಶೇ. 28, ಛೇದಗಳ ಮೊತ್ತವಾದ 21ನ್ನು ಶೇ. 27 ಮಕ್ಕಳು ಆರಿಸಿದ್ದರು.

ಅದಕ್ಕೇ ಪ್ರತಿ ಲೆಕ್ಕಕ್ಕೂ ಮುಂಚೆ ಅಂಚಿನಲ್ಲಿ ಎರಡು ಸಂಗತಿ ಬರೆಸಿ: ಉತ್ತರ ಯಾವುದಕ್ಕಿಂತ ಹೆಚ್ಚಿರಲೇಬೇಕು, ಒಂದಕ್ಕಿಂತ ಹೆಚ್ಚೋ ಕಡಿಮೆಯೋ. 3/4 + 1/6ಕ್ಕೆ "3/4ಕ್ಕಿಂತ ಹೆಚ್ಚು; 1/6 ಎಂಬುದು 1/4ಕ್ಕಿಂತ ಚಿಕ್ಕದು, ಹಾಗಾಗಿ 1ಕ್ಕಿಂತ ಕಡಿಮೆ". ಈ ಎರಡು ಗಡಿಗಳು ಏಳು, ಎಂಟು ಎರಡನ್ನೂ ಹಿಡಿದುಹಾಕುತ್ತಿದ್ದವು. ಆರನೆಯದನ್ನು ಹಿಡಿಯುತ್ತಿರಲಿಲ್ಲ, ಏಕೆಂದರೆ 10/12 ಎರಡೂ ಗಡಿಗಳ ಒಳಗೇ ಇದೆ. ಅಂದಾಜು ಎಲ್ಲ ತಪ್ಪನ್ನೂ ಹಿಡಿಯದು. ಪ್ರತಿ ರಾಶಿಗೂ ಅದರದೇ ಸಾಲು ಬೇಕಾಗುವುದು ಇದಕ್ಕೇ.

ಮರುಪರೀಕ್ಷೆ

ವಾರ ಹತ್ತು ದಿನ ಬಿಟ್ಟು, ಮುನ್ಸೂಚನೆ ಇಲ್ಲದೆ, ಆರು ಲೆಕ್ಕ: 3/5 + 1/4, 2/9 + 5/6, 1/6 + 3/10, 1/2 + 2/3 + 1/4, 5/6 − 3/8, ಮತ್ತು 1 2/3 + 2 1/4. ಉತ್ತರಗಳು 17/20, 19/18, 7/15, 17/12, 11/24, 3 11/12. ಮೊದಲ ಐದರಲ್ಲಿ ಛೇದಗಳು ಎಲ್ಲೂ ಸಮ ಇಲ್ಲ, ಎಲ್ಲ ಅಂಶಗಳೂ ಒಂದೇ ಆಗಿರುವ ಲೆಕ್ಕವೂ ಇಲ್ಲ, ಹಳೆಯ ನಿಯಮಕ್ಕೆ ಅಡಗಲು ಜಾಗವಿಲ್ಲ. ಅದು ಮರಳಿ ಬಂದಿದ್ದರೆ ಉತ್ತರದ ಗುರುತೂ ಸಿಗುತ್ತದೆ: ಛೇದಗಳನ್ನು ಗುಣಿಸಿದ್ದರೆ ಮೊದಲನೆಯದು 19/20, ಎರಡನೆಯದು 48/54.

ಮಿಶ್ರ ಭಿನ್ನರಾಶಿಯಲ್ಲಿ ಪೂರ್ಣಾಂಕಗಳನ್ನು ಬೇರೆಯಾಗಿ ಕೂಡಲಿ. 5/3 + 9/4 ಎಂದು ಬದಲಿಸಿಕೊಂಡರೆ ದೊಡ್ಡ ಸಂಖ್ಯೆಗಳ ನಡುವೆ ಹಳೆಯ ಅಭ್ಯಾಸ ತಲೆ ಎತ್ತುವುದು ಸುಲಭ: (15 + 36)/12 = 51/12, ಸರಿ ಉತ್ತರ 47/12. ಆರರಲ್ಲಿ ಒಂದೇ ತಪ್ಪಾದರೂ ಅಂಕ ನೋಡಿ ಸಮಾಧಾನಪಡದೆ, ಆ ಲೆಕ್ಕದ ಪ್ರತಿ ಸಾಲನ್ನೂ "ಹನ್ನೆರಡನೇ ಎಂಟು" ಎಂಬ ರೀತಿಯಲ್ಲಿ ಗಟ್ಟಿಯಾಗಿ ಓದಿಸಿ. ಓದು ಎಲ್ಲಿ ತಡವರಿಸುತ್ತದೋ ಅಲ್ಲಿಂದ ಪಟ್ಟಿಯ ಕೆಲಸ ಮತ್ತೆ ಶುರು.